ಟವೆಲ್ ಹಾಕಿದ ಸೀಟು

ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ಮಾತಾಡಿದವರೆಲ್ಲ ಇದನ್ನು ಕೊನೆಗೆ ಉಳಿಸಿಕೊಂಡು ಹೇಳುತ್ತಿದ್ದರು. ಒಬ್ಬರು ಸಂಗೀತದ ಮೇಷ್ಟ್ರಿದ್ದರು, ಹೀಗೆ ಕಲಿಸುತ್ತಿದ್ದರು, ಹಾಗೆ ಕಲಿಸುತ್ತಿದ್ದರು ಎಂದೆಲ್ಲ ಹೇಳಿ, ಆಮೇಲೆ ದನಿ ತಗ್ಗಿಸಿ, ಗೊತ್ತಾ, ಅವರಿಗೆ ಕಿವಿಯೇ ಕೇಳುತ್ತಿರಲಿಲ್ಲ. ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಒಬ್ಬ ಮನುಷ್ಯನ ಕೊರತೆಯನ್ನು ಪಟಾಕಿಯ ಹಾಗೆ ಕೊನೆಗೆ ಹಚ್ಚುವುದು ನನಗೆ ಹಿಡಿಸಲಿಲ್ಲ. ಅವರ ಹತ್ತಿರ ಕಲಿತ ನಮಗೆ ಅದು ಮೊದಲ ದಿನದಿಂದಲೇ ಗೊತ್ತಿತ್ತು. ಅವರೇ ಹೇಳುತ್ತಿದ್ದರು: "ಏನೇ ಕೇಳೋದಿದ್ರೂ ನನ್ನ ಮುಂದೆ ಬಂದು ಕೇಳಿ. ಬೈಯೋದಿದ್ರೆ ಹಿಂದೆ ನಿಂತ್ಕೊಂಡು ಬೈರಿ, ನನಗೂ ಬೇಜಾರಿಲ್ಲ, ನಿಮಗೂ ಭಯ ಇಲ್ಲ."

ವಿನೋಬನಗರದಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಕೀಬೋರ್ಡ್ ಕ್ಲಾಸಿತ್ತು. ಅದನ್ನು ನಡೆಸುತ್ತಿದ್ದ ಹುಡುಗ ನುಡಿಸುವುದನ್ನು ಕಲಿಸುತ್ತಿದ್ದ. ಪರೀಕ್ಷೆ ಕಟ್ಟುವ ಮಕ್ಕಳಿಗೆ ಸ್ವರಗಳನ್ನು ಓದಲು, ಬರೆಯಲು, ಕಾಲ ಎಣಿಸಲು ಕಲಿಸುವ ಕೆಲಸವನ್ನು ಈ ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದ. ಅದನ್ನು ಎಲ್ಲರೂ ಥಿಯರಿ ಎನ್ನುತ್ತಿದ್ದರು. ಇವರು ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಯಾರೋ ತಂದೆಯೊಬ್ಬರು ಮೆಟ್ಟಿಲ ಮೇಲೆ ನಿಂತು, "ಅಲ್ರೀ, ಕಿವುಡ್ರು ಸಂಗೀತ ಹೇಳ್ಕೊಡ್ತಾರಂತೆ, ಇದ್ಯಾವ ಕ್ಲಾಸು?" ಎಂದು ಆ ಹುಡುಗನ ಮೇಲೆ ಹಾರಾಡಿದ್ದರಂತೆ. ಹುಡುಗ ಹೋಗಿ ಇವರ ಮುಂದೆ ನಿಂತು, ತುಟಿ ಬಿಡಿಸಿ ಬಿಡಿಸಿ ಅದನ್ನು ಒಪ್ಪಿಸಿದ. ಇವರು, "ಪರೀಕ್ಷೆ ಪೇಪರಿಗೂ ಕಿವಿ ಇಲ್ಲ ಅಂತ ಹೇಳಪ್ಪ" ಎಂದರಂತೆ.

ನಾನು ಅಲ್ಲಿಗೆ ಸೇರಿದ್ದು ನನ್ನ ಮಗಳು ಬಿಟ್ಟ ಜಾಗಕ್ಕೆ. ಅವಳು ಒಂದು ಬೇಸಿಗೆಯಿಡೀ ಕೀಬೋರ್ಡು ಬಾರಿಸಿ, ಆಮೇಲೆ ಬ್ಯಾಡ್ಮಿಂಟನ್ ಕಡೆ ಹೋದಳು. ಗೋಪಾಳ ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ಕೀಬೋರ್ಡು ಇಸ್ತ್ರಿ ಬಟ್ಟೆ ಇಡುವ ಜಾಗವಾಗಿತ್ತು. ಅದರ ಮೇಲಿನ ಬಟ್ಟೆ ತೆಗೆದಿಟ್ಟು ಒಂದು ದಿನ ನಾನೇ ಹೊರಟೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಏನ್ ಮಾರಾಯ್ತಿ, ಗ್ರೇಡ್ ಪರೀಕ್ಷೇಲಿ ಫೇಲಾದ್ರೆ ಪ್ರೋಗ್ರೆಸ್ ಕಾರ್ಡಿಗೆ ನಾನು ಸೈನ್ ಹಾಕ್ಬೇಕಾ?" ಎಂದರು.

ಮೊದಲ ಪಾಠ ಹೇಗಿತ್ತು ಎಂದು ಬರೆಯಲು ಹೊರಟರೆ ಎರಡು ಮೊದಲ ಪಾಠಗಳು ನೆನಪಾಗುತ್ತವೆ. ಒಂದರಲ್ಲಿ ಅವರು ಬೋರ್ಡಿನ ಮೇಲೆ ಐದು ಗೆರೆ ಎಳೆಯುತ್ತಾರೆ. ಇನ್ನೊಂದರಲ್ಲಿ ಬೋರ್ಡಿನ ಕಡೆ ತಿರುಗುವುದೇ ಇಲ್ಲ. ಎಡಗೈಯನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದು ಬೆರಳುಗಳನ್ನು ಅಗಲಿಸುತ್ತಾರೆ. ಕಿರುಬೆರಳು ಕೆಳಗೆ, ಹೆಬ್ಬೆರಳು ಮೇಲೆ. "ಐದು ಗೆರೆ. ನಡುವೆ ನಾಲ್ಕು ಸಂದು. ಇಷ್ಟೇ ಸಂಗೀತ. ಇದು ಮನೇಲಿ ಮರ್ತು ಬರೋಕಾಗದ ಸ್ಲೇಟು." ಎರಡನೆಯದೇ ಮೊದಲು ನಡೆದದ್ದು ಎಂದು ಬರೆಯಲು ನನಗೆ ಇಷ್ಟ. ಇಷ್ಟವಾಗುವುದರಿಂದಲೇ ಅದರ ಮೇಲೆ ಅನುಮಾನ. ಎರಡೂ ನಡೆದವು ಎಂದಷ್ಟೇ ಬರೆಯುತ್ತೇನೆ.

ಬಲಗೈಯ ತೋರುಬೆರಳಿನಿಂದ ಅವರು ಎಡಗೈಯ ಬೆರಳುಗಳನ್ನೂ ಸಂದುಗಳನ್ನೂ ಮುಟ್ಟುತ್ತಾ ಹೋಗುತ್ತಿದ್ದರು, ನಾವು ಆ ಸ್ವರಗಳ ಹೆಸರು ಹೇಳಬೇಕು. ಕೆಳಗಿನಿಂದ ಎರಡನೆಯ ಗೆರೆ, ಅಂದರೆ ಅವರ ಉಂಗುರ ಬೆರಳು, ಹಿಂದೆಂದೋ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಎಷ್ಟು ಅಗಲಿಸಿದರೂ ಅದು ನೆಟ್ಟಗಾಗುತ್ತಿರಲಿಲ್ಲ. ಅದು ಜಿ ಸ್ವರದ ಗೆರೆ. ಇವತ್ತಿಗೂ ಅಚ್ಚಾದ ಹಾಳೆಯಲ್ಲಿ ಆ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೇರವಾಗಿರುವುದನ್ನು ನೋಡಿದರೆ ಏನೋ ತಪ್ಪಾಗಿದೆ ಅನಿಸುತ್ತದೆ.

ಕಾಲಕ್ಕೆ ಅವರದು ಹೋಟೆಲಿನ ಲೆಕ್ಕ. ಒಂದು ಎಣಿಕೆಗೆ ಒಂದೇ ಸ್ವರ ಬಂದರೆ ಟೀ. ಎರಡು ಬಂದರೆ ಕಾಫಿ. ನಾಲ್ಕು ಬಂದರೆ ತಟ್ಟೆಇಡ್ಲಿ. ಮೂವತ್ತು ದಾಟಿದವಳು ನಾನೊಬ್ಬಳೇ, ಮಕ್ಕಳ ಜೊತೆ ತೊಡೆ ತಟ್ಟುತ್ತಾ, "ಟೀ, ಟೀ, ಕಾಫಿ, ಟೀ, ತಟ್ಟೆಇಡ್ಲಿ, ಕಾಫಿ, ಟೀ, ಟೀ" ಎಂದು ಕೂಗುತ್ತಿದ್ದರೆ ಕೆಳಗೆ ಮೆಡಿಕಲ್ ಶಾಪಿಗೆ ಬಂದವರು ತಲೆ ಎತ್ತಿ ನೋಡುತ್ತಿದ್ದರು. ಅವರು ನಮ್ಮ ಕೀಬೋರ್ಡಿನ ಸ್ಟ್ಯಾಂಡಿನ ಮೇಲೆ ಅಂಗೈ ಊರಿ, ಕಣ್ಣನ್ನು ನಮ್ಮ ಬೆರಳುಗಳ ಮೇಲಿಟ್ಟು ನಿಲ್ಲುತ್ತಿದ್ದರು. ಒಂದಿಷ್ಟು ವೇಗ ಹೆಚ್ಚಿದರೆ ಅಂಗೈಗೆ ತಿಳಿಯುತ್ತಿತ್ತು. "ಓಡ್ತಿದೀರ ಮಾ. ಬಸ್ಸು ಹೋಗಲ್ಲ. ಮೊದ್ಲಿಂದ."

ಮೊದ್ಲಿಂದ. ಈ ಪದವನ್ನು ಅವರು ಬೈಗುಳದ ಹಾಗೆ ಹೇಳುತ್ತಿರಲಿಲ್ಲ. ಊಟಕ್ಕೆ ಕೂತವರಿಗೆ ಇನ್ನೊಂದು ಸೌಟು ಹುಳಿ ಹಾಕುವ ಹಾಗೆ ಹೇಳುತ್ತಿದ್ದರು.

ಹಾಳೆಯ ಮೇಲೆ ಸ್ವರ ಇಲ್ಲದ ಜಾಗವೂ ಇರುತ್ತದೆ. ಅಲ್ಲಿ ಸುಮ್ಮನಿರಬೇಕು ಎಂಬುದಕ್ಕೂ ಒಂದು ಗುರುತಿದೆ, ಎಷ್ಟು ಹೊತ್ತು ಎಂಬುದಕ್ಕೂ ಇದೆ. ನಾವು ಅದನ್ನು ಹಾರಿಸಿಕೊಂಡು ಮುಂದೆ ಹೋಗುತ್ತಿದ್ದೆವು. "ಸಾರ್, ಇಲ್ಲಿ ಏನೂ ಇಲ್ವಲ್ಲ" ಎಂದು ಯಾರೋ ಕೇಳಿದರು. ನಾನೇ ಇರಬಹುದು.

"ಭದ್ರಾವತಿ ಬಸ್ಸು ಹತ್ತಿದೀರಾ ಮಾ?"

"ಹತ್ತಿದೀನಿ ಸಾರ್."

"ಬಸ್ಸು ಸ್ಟ್ಯಾಂಡಿಗೆ ಬರ್ತಿದ್ದಂಗೆ ಕಿಟಕೀಲಿ ಟವೆಲ್ ಹಾಕ್ತಾರಲ್ಲ, ಆ ಸೀಟಲ್ಲಿ ಹೋಗಿ ಕೂತ್ಕೋತೀರಾ?"

"ಇಲ್ಲ ಸಾರ್. ಜಗಳ ಆಗುತ್ತೆ."

"ಯಾಕೆ? ಅಲ್ಲಿ ಯಾರೂ ಇಲ್ವಲ್ಲ!" ಎಂದು ನಮ್ಮ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. "ಜನ ಇಲ್ಲ. ಆದ್ರೆ ಸೀಟು ಖಾಲಿ ಅಲ್ಲ. ಇದೂ ಅಷ್ಟೇ. ಎಣಿಸಿ. ಪೂರ್ತಿ ಎಣಿಸಿ ಆಮೇಲೆ ಮುಂದೆ ಹೋಗಿ."

ಮೊದಲಿಂದ.

ಮೇಲಿನದನ್ನು ಓದಿ ನೋಡಿದರೆ ಅವರು ಹಾಸ್ಯಗಾರರ ಹಾಗೆ ಕಾಣುತ್ತಾರೆ. ಅದು ಸರಿಯಲ್ಲ. ಬಹಳಷ್ಟು ದಿನ ಅವರು ಮಾತೇ ಆಡುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಕಿಟಕಿಯ ಹತ್ತಿರ ನಿಂತು ಕೆಳಗಿನ ರಸ್ತೆ ನೋಡುತ್ತಿದ್ದರು. ಶರ್ಟಿನ ಜೇಬಿನಲ್ಲಿ ಒಂದು ಶ್ರವಣಯಂತ್ರ ಇರುತ್ತಿತ್ತು, ಕಿವಿಗೆ ಹಾಕಿದ್ದನ್ನು ನಾನು ನೋಡಿದ್ದೇ ಇಲ್ಲ. "ಇದು ಹಾಕ್ಕೊಂಡ್ರೆ ಎಲ್ಲಾ ತಗಡು. ನೀವೂ ತಗಡು, ಪಿಟೀಲೂ ತಗಡು. ಇಲ್ದೆ ಇರೋದೇ ಮೇಲು" ಎನ್ನುತ್ತಿದ್ದರು.

ಬಹಳ ವರ್ಷ ಅವರು ಭದ್ರಾವತಿಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಕೆಂಪು ಕೋಟು, ಭುಜದ ಮೇಲೆ ಜರಿಯ ಕುಚ್ಚು. ಮದುವೆಯ ದಿಬ್ಬಣ, ದೇವರ ಮೆರವಣಿಗೆ, ಕೆಲವು ಮನೆಗಳಲ್ಲಿ ಸಾವು. ಉಳಿದವರೆಲ್ಲ ಕಿವಿಯಲ್ಲಿ ಹಿಡಿದು ನುಡಿಸುವವರು, ಓದಲು ಬರುತ್ತಿದ್ದದ್ದು ಇವರೊಬ್ಬರಿಗೆ. ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ ಒಬ್ಬ ಮುದುಕರು ಕಲಿಸಿದ್ದರಂತೆ. ಹೊಸ ಸಿನಿಮಾ ಬಂದರೆ ಇವರು ಟೇಪು ಹಾಕಿ ಕೇಳಿ ಹಾಡನ್ನು ಬರೆದು, ಬಟ್ಟೆಯ ಕ್ಲಿಪ್ಪಿನಿಂದ ಹಾಳೆಯನ್ನು ಕ್ಲಾರಿನೆಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಒಮ್ಮೆ ಒಂದು ಶವಯಾತ್ರೆಯಲ್ಲಿ ಗಾಳಿ ಬೀಸಿ ಹಾಳೆ ಮಗುಚಿತು. ಹಿಂಬದಿಯಲ್ಲಿ ಮದುಮಗ ಚಪ್ಪರಕ್ಕೆ ಬರುವ ಹಾಡಿತ್ತು. ಹಾಳೆಯಲ್ಲೇ ಮುಳುಗಿದ್ದ ಇವರು ಅದನ್ನೇ ನುಡಿಸಿದರು, ಇಡೀ ಬ್ಯಾಂಡು ಹಿಂದೆ ಬಂತು. ಸತ್ತವನ ಅಣ್ಣ ಓಡಿಬಂದು, "ನಿಲ್ಲಿಸ್ಬೇಡ್ರೀ, ಅವನ ಮದ್ವೇಲಿ ಬ್ಯಾಂಡ್ ಇಡಿಸೋಕೆ ಆಗಿರ್ಲಿಲ್ಲ" ಎಂದನಂತೆ. ಈ ಕತೆಯನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ. ಎರಡನೆಯ ಸಲ ತಪ್ಪು ಮಾಡಿದ್ದು ಡ್ರಮ್ಮಿನವನು, ಓಡಿಬಂದದ್ದು ಸತ್ತವನ ಹೆಂಡತಿ. ಯಾವುದು ನಿಜ ಸಾರ್ ಎಂದು ಕೇಳಿದ್ದಕ್ಕೆ, "ಹಾಡು ನಿಜ" ಎಂದರು.

ಕ್ಲಾರಿನೆಟ್ಟಿನವರ ಜಾಗ ದೊಡ್ಡ ಡ್ರಮ್ಮಿನ ಪಕ್ಕ. ಕಿವಿ ಹೋದದ್ದು ಅದರಿಂದಲೇ ಎಂದು ಅವರು ನಂಬಿದ್ದರು. "ಒಂದೇ ದಿನ ಹೋಗ್ಲಿಲ್ಲ ಮಾ. ಮೊದ್ಲು ಕುಕ್ಕರ್ ವಿಸಿಲ್ ಹೋಯ್ತು. ಆಮೇಲೆ ಕಾಲಿಂಗ್ ಬೆಲ್ಲು. ಆಮೇಲೆ ಕ್ಲಾರಿನೆಟ್ಟಲ್ಲಿ ಮೇಲಿನ ಸ್ವರ, ನಾನು ಊದ್ತಿದೀನಿ, ನಂಗೇ ಇಲ್ಲ. ಡ್ರಮ್ಮು ಮಾತ್ರ ಕೊನೇ ತನಕ ಇತ್ತು. ಎಲ್ಲಾ ಮಾಡಿದ್ದು ಅದೇ, ಬೇಗ ಹೋಗುತ್ತಾ ಅದು?"

ಇದನ್ನು ಹೇಳಿದ ಸಂಜೆಯೇ ಅವರು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡರು ಎಂದು ಇಟ್ಟುಕೊಳ್ಳೋಣ. ಬೇರೆ ಸಂಜೆಯೂ ಇರಬಹುದು. ಅವರು ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಮಾತಾಡಿದರು. ಮುಖ ನೋಡದಿದ್ದರೆ ನನ್ನ ಉತ್ತರ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಅದು ಉತ್ತರ ಬೇಡದ ಮಾತು.

"ನಮ್ಮ ಮನೆಯವಳು ಹೂ ಕಟ್ಟುವಾಗ ಒಂದು ಹಾಡು ಹಾಡ್ತಾಳೆ. ಅವಳ ಅಮ್ಮನ ಹಾಡು. ಅವಳ ದನಿ ಯಾವತ್ತು ಹೋಯ್ತು ಅಂತ ನಂಗೆ ಗೊತ್ತಾಗ್ಲೇ ಇಲ್ಲ ಮಾ. ಕುಕ್ಕರ್ ಹೋಗಿದ್ದು ಗೊತ್ತು, ಬೆಲ್ಲು ಹೋಗಿದ್ದು ಗೊತ್ತು. ಇದು ಗೊತ್ತಿಲ್ಲ. ಒಂದಿನ ನೋಡ್ತೀನಿ, ಕೂತಿದಾಳೆ, ಬಾಯಿ ಆಡ್ತಿದೆ, ಹಾಡಿಲ್ಲ." ಚಪ್ಪಲಿಯ ಪಟ್ಟಿ ಸಿಕ್ಕಿಸಿದರು. "ಊರಲ್ಲಿರೋ ಸಿನಿಮಾ ಹಾಡೆಲ್ಲ ಕೇಳಿ ಕೇಳಿ ಬರ್ಕೊಂಡೆ. ಅಷ್ಟು ವರ್ಷ ಪಕ್ಕದಲ್ಲಿ ಹಾಡ್ತಿದ್ಲು, ಅದನ್ನ ಬರ್ಕೊಳ್ಳಿಲ್ಲ. ಎಲ್ಲಿ ಹೋಗುತ್ತೆ, ಮನೇಲೇ ಇದೆಯಲ್ಲ ಅಂತ. ಶುರು ನೆನಪಿದೆ. ಆಮೇಲೆ ನಾನೇ ಏನೋ ಸೇರಿಸ್ಕೊಂಡಿದೀನಿ. ಅದು ಅವಳದ್ದಲ್ಲ, ನಂದು."

ಆಮೇಲೆ ನನ್ನ ಕಡೆ ತಿರುಗಿದರು. "ನೀವು ಬರ್ಕೊಡಿ. ನಾನು ಓದ್ಕೋತೀನಿ."

ನಾನು ತುಟಿ ಬಿಡಿಸಿ ಹೇಳಿದೆ: "ಮೊಬೈಲಲ್ಲಿ ರೆಕಾರ್ಡ್ ಮಾಡ್ತೀನಿ ಸಾರ್, ತಪ್ಪಾಗಲ್ಲ."

"ಮಾಡಿ ಯಾರಿಗೆ ಕೊಡ್ತೀರ?" ಎಂದರು.

ಮೊದಲಿಂದ. ಈಗ ಅವರ ಹೆಂಡತಿ ಬರಬೇಕು.

ಭದ್ರಾವತಿಯ ಹಳೇ ಊರಿನ ಕಡೆ, ಹೊಳೆಗೆ ಇಳಿಯುವ ಒಂದು ಬೀದಿಯಲ್ಲಿ ಅವರ ಮನೆ. ಆಕೆ ಬಸ್ ಸ್ಟ್ಯಾಂಡಿನ ಹೂವಿನಂಗಡಿಗೆ ಹೂ ಕಟ್ಟಿ ಕೊಡುತ್ತಿದ್ದರು. ಹಜಾರದಲ್ಲಿ ಗೋಡೆಗೆ ಒರಗಿ ಕೂತು, ಒದ್ದೆ ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕನಕಾಂಬರದ ರಾಶಿಯನ್ನು ಕರಗಿಸುತ್ತಿದ್ದರು. ಆಕೆಯ ಮನೆಮಾತು ತೆಲುಗು, ಅವರದು ತಮಿಳು. "ಪ್ರೀತಿ ಅವರವರ ಭಾಷೇಲಿ, ಜಗಳ ಮಾತ್ರ ಕನ್ನಡದಲ್ಲಿ. ಇಬ್ರಿಗೂ ಅರ್ಥ ಆಗ್ಬೇಕಲ್ಲಮ್ಮ" ಎಂದು ಆಕೆ ನನಗೆ ಹೇಳಿದರು. ಕಿವಿ ಹೋದ ಮೇಲೆ ಜಗಳದ ಮಜಾವೇ ಹೋಯಿತಂತೆ. "ನಾನು ಇಲ್ಲಿ ಗಂಟಲು ಹರ್ಕೋತೀನಿ, ಅವರು ಕಣ್ಣು ಮುಚ್ಚಿಬಿಡ್ತಾರೆ. ಮುಗೀತು, ಅವರೇ ಗೆದ್ದಂಗೆ."

ಹಾಡುವಂತೆ ಆಕೆಯನ್ನು ಕೇಳಬಾರದೆಂದು ಅವರು ನನಗೆ ಮೊದಲೇ ಹೇಳಿದ್ದರು. ಕೇಳಿದರೆ ಹಾಡುವವಳಲ್ಲ, ಕೈಗೆ ಕೆಲಸವಿದ್ದಾಗ ಅದಾಗಿಯೇ ಬರಬೇಕು. ಆದರೂ ಮೊದಲ ಭಾನುವಾರ ನಾನು ಮೊಬೈಲನ್ನು ಮೆಲ್ಲಗೆ ಪಕ್ಕಕ್ಕಿಟ್ಟೆ. ಆಕೆ ಅದನ್ನು ನೋಡಿದರು, ಸೆರಗು ಸರಿಮಾಡಿಕೊಂಡರು, ಬಾಯಿ ಮುಚ್ಚಿತು. ಮುಂದಿನ ವಾರದಿಂದ ಪೆನ್ಸಿಲು ಮಾತ್ರ. ಮೇಷ್ಟ್ರು ಕೊಟ್ಟ ಹೋಮ್‌ವರ್ಕು ಎಂದೆ. "ಈ ವಯಸ್ಸಲ್ಲೂ ಬಿಡಲ್ವಾ ನಿನ್ನ!" ಎಂದು ನಕ್ಕು ಕೆಲಸಕ್ಕೆ ತೊಡಗಿದರು. ಸ್ವಲ್ಪ ಹೊತ್ತಿಗೆ ಹಾಡು ಬಂತು. ಸಣ್ಣ ದನಿ, ಅಷ್ಟೇನೂ ಇಂಪಿಲ್ಲ. ತೆಲುಗು ನನಗೆ ಅಷ್ಟಾಗಿ ತಿಳಿಯದು. ನಾನು ಸ್ವರಗಳನ್ನಷ್ಟೇ ಹಿಡಿದೆ.

ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಮೇಷ್ಟ್ರೊಬ್ಬರ ಮುಂದೆ ಕೂತು ಸರಳೆ ವರಸೆ ಹಾಡಿದವಳು ನಾನು. ಏನು ಕೇಳಿದರೂ ನನ್ನ ಕೈ ತನ್ನಷ್ಟಕ್ಕೆ ಆದಿತಾಳ ಹಾಕುತ್ತದೆ. ಮನೆಗೆ ಬಂದು ಕೂತು, ಆಕೆ ಎಳೆದಲ್ಲಿ ಕತ್ತರಿಸಿ, ಮೊಟಕು ಮಾಡಿದಲ್ಲಿ ತುಂಬಿ, ಎಲ್ಲವನ್ನೂ ನಾಲ್ಕು ನಾಲ್ಕು ಎಣಿಕೆಗೆ ಗೆರೆ ಹಾಕಿದ ಮನೆಗಳಲ್ಲಿ ಕೂರಿಸಿದೆ. ಶಾಯಿಯಲ್ಲಿ ತಿದ್ದಿದೆ. ಚೆಂದ ಕಾಣುತ್ತಿತ್ತು.

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಅವರು ಓದುವಾಗ ಎಡಗೈಯ ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಅಲುಗುತ್ತಿದ್ದವು.

"ತಪ್ಪಿಲ್ಲ ಮಾ. ಚೆನ್ನಾಗಿ ಬರ್ದಿದೀರ."

ನಾನು ಕಾದೆ.

"ಶಾಲೆ ಪ್ರಾರ್ಥನೆ ಥರ ಇದೆ. ಎಲ್ಲಾ ಸಾಲಾಗಿ ನಿಂತಿದಾವೆ. ಇವಳು ಯಾವತ್ತು ಸಾಲಲ್ಲಿ ನಿಂತ್ಕೊಂಡ್ಲು?" ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಉಸಿರು ಎಲ್ಲಿ ತಗೊಂಡ್ಲು? ನಾರು ಎಲ್ಲಿ ಕಡೀತು? ಹೂ ಸಿಕ್ಕಾದಾಗ ಎಳೀತಾಳಲ್ಲ, ಅದೆಲ್ಲಿ?"

"ಅದನ್ನೂ ಬರೀಬೇಕಾ ಸಾರ್?"

"ಅದನ್ನೇ ಬರೀಬೇಕು. ಸ್ವರ ನಂಗೂ ಅಷ್ಟೋ ಇಷ್ಟೋ ನೆನಪಿದೆ." ಆಮೇಲೆ, ನಿರೀಕ್ಷಿಸಿದ ಹಾಗೆಯೇ, "ಮೊದ್ಲಿಂದ."

ಆ ಭಾನುವಾರಗಳು ಎಷ್ಟು ಎಂದು ನಾನು ಲೆಕ್ಕವಿಟ್ಟಿಲ್ಲ. ಆಕೆ ಪ್ರತಿ ಸಲವೂ ಬೇರೆಯಾಗಿ ಹಾಡುತ್ತಿದ್ದರು. ಹಾಡಿನ ಯಜಮಾನಿಕೆ ಕೈಯದು. ಹೂ ಸಲೀಸಾಗಿ ಬಂದರೆ ಸಾಲು ಚುರುಕು, ಗಂಟು ಬಿಗಿಯುವಾಗ ಒಂದು ಒತ್ತು, ನಾರಿಗೆ ನೀರು ಚಿಮುಕಿಸುವಾಗ ಸಾಲಿನ ನಡುವೆಯೇ ಒಂದು ಬಿಡುವು. ಎಲ್ಲ ಸಲದ್ದನ್ನೂ ಸೇರಿಸಿ ಸರಾಸರಿ ಮಾಡುವ ಆಸೆಯಾಗುತ್ತಿತ್ತು. ಅದನ್ನು ಬಿಟ್ಟೆ. ಒಂದೇ ಒಂದು ಬೆಳಗಿನ, ಒಂದೇ ಸಲದ ಹಾಡನ್ನು ಬರೆಯುವುದೆಂದು ಗಟ್ಟಿ ಮಾಡಿಕೊಂಡೆ. ಒಂದು ಮನೆಯಲ್ಲಿ ಐದು ಎಣಿಕೆ, ಮುಂದಿನದರಲ್ಲಿ ಮೂರು, ಅದರ ಮುಂದಿನದರಲ್ಲಿ ಏಳು. ಹಾಳೆ ಹಲ್ಲು ಬಿದ್ದ ಬಾಚಣಿಗೆಯ ಹಾಗೆ ಕಾಣುತ್ತಿತ್ತು. ಪೆನ್ಸಿಲಿನಲ್ಲೇ ಉಳಿಸಿದೆ.

ಆ ಬೆಳಿಗ್ಗೆ ಹಾಡು ಮುಗಿಯಲು ಬಂದಿತ್ತು. ಕೊನೆಯ ಸಾಲಿಗೆ ಮುಂಚೆ ಆಕೆ ಸಟ್ಟನೆ ನಿಲ್ಲಿಸಿದರು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಎಣಿಕೆ ತಪ್ಪುತ್ತದೆ. ತೊಡೆಯ ಮೇಲೆ ಬೆರಳು ತಟ್ಟುತ್ತಾ ಎಣಿಸುತ್ತಲೇ ಇದ್ದೆ. ಒಲೆಯ ಮೇಲೆ ಹಾಲು ಚುರ್ರೆಂದದ್ದು, ಸುಟ್ಟ ಹಾಲಿನ ವಾಸನೆ, ಆಕೆ ಎದ್ದು ಓಡಿದಾಗ ಮಡಿಲಿಂದ ಹೂ ಚೆಲ್ಲಿದ್ದು, ಇವೆಲ್ಲ ನನಗೆ ಸ್ಪಷ್ಟವಾಗಿ ನೆನಪಿವೆ. ಆಕೆ ಮತ್ತೆ ಬಂದು ಕೂತು ಬಿಟ್ಟಲ್ಲಿಂದಲೇ ಕೊನೆಯ ಸಾಲನ್ನು ಹಾಡಿ ಮುಗಿಸಿದರು. ನಾನು ಆ ಬಿಡುವನ್ನೂ ಅಷ್ಟೇ ಉದ್ದಕ್ಕೆ ಬರೆದೆ. ಒಂದೂವರೆ ಸಾಲು ಬರೀ ಸುಮ್ಮನಿರುವ ಗುರುತುಗಳು.

ಅವರು ಈ ಸಲ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತು ಓದಿದರು. ಅರ್ಧಕ್ಕೆ ಬಂದಾಗ ನಕ್ಕರು. "ನಾರು ಕಡೀತು ಇಲ್ಲಿ." ಹೌದು ಎಂದು ತಲೆಯಾಡಿಸಿದೆ. ಇನ್ನೊಂದು ಕಡೆ ನಿಂತು, ಕಣ್ಣು ಮುಚ್ಚಿ, ಮತ್ತೆ ಎರಡು ಮನೆ ಹಿಂದಕ್ಕೆ ಹೋಗಿ ಓದಿದರು. ಅವರ ಗಂಟಲು ಅಲುಗುತ್ತಿತ್ತು, ದನಿ ಇರಲಿಲ್ಲ. ಕೊನೆಗೆ ಆ ಒಂದೂವರೆ ಸಾಲಿನ ಬಿಡುವಿಗೆ ಬಂದರು.

"ಇಲ್ಲೇನಾಯ್ತು ಮಾ?"

"ಹಾಲು ಉಕ್ತು ಸಾರ್."

ಅವರು ನನ್ನ ತುಟಿಗಳನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ನಾನು ಸರಿಯಾಗಿ ಹೇಳಲಿಲ್ಲವೇನೋ ಎಂದುಕೊಂಡು, "ಹಾಲು, ಹಾಲು" ಎಂದೆ.

"ಹೂಂ. ಹಾಲು" ಎಂದರು. ಆಮೇಲೆ ತೊಡೆಯ ಮೇಲೆ ಬೆರಳಿಟ್ಟು, ನಮಗೆ ಕಲಿಸಿದ ಹಾಗೆಯೇ, ಆ ಬಿಡುವನ್ನು ಪೂರ್ತಿ ಎಣಿಸಿ ಕೊನೆಯ ಸಾಲಿಗೆ ಹೋದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಶ್ರವಣಯಂತ್ರವನ್ನು ಆ ಜೇಬಿನಿಂದ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿದರು. ಥ್ಯಾಂಕ್ಸ್ ಎನ್ನಲಿಲ್ಲ. "ಕಾಫಿ ಕುಡ್ಕೊಂಡು ಹೋಗಿ" ಎಂದರು.

ಅವರ ಸಾವನ್ನು ಬರೆಯಲು ನನಗೆ ಹೆಚ್ಚು ಗೊತ್ತಿಲ್ಲ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಎದೆ ಹಿಡಿದುಕೊಂಡರಂತೆ. ನಾನೂ ಕ್ಲಾಸು ನಡೆಸುವ ಹುಡುಗನೂ ಹೋದೆವು. ಹಳೆಯ ಬ್ಯಾಂಡಿನವರು ಇಬ್ಬರು ಬಂದಿದ್ದರು, ಬರಿಗೈಯಲ್ಲಿ ನಿಂತಿದ್ದರು. ಒಬ್ಬರು ನನ್ನ ಹತ್ತಿರ, "ವಾದ್ಯ ಎಲ್ಲಾ ಎಲ್ಲೆಲ್ಲೋ ಹೋಯ್ತಮ್ಮ. ಊದೋಕೆ ನಂಗೂ ಹಲ್ಲಿಲ್ಲ" ಎಂದರು. ಹಾಗಾಗಿ ಮೇಷ್ಟ್ರು ಸದ್ದಿಲ್ಲದೆ ಹೋದರು. ಹೋಗುವಾಗ ಅವರ ಎಡಗೈ ನೋಡಿದೆ, ಉಂಗುರ ಬೆರಳು ಆಗಲೂ ಸೊಟ್ಟಗಿತ್ತು, ಎಂದು ಇಲ್ಲಿ ಬರೆದಿದ್ದೆ. ಹೊಡೆದುಹಾಕುತ್ತಿದ್ದೇನೆ. ಕೈಗಳು ಬಟ್ಟೆಯ ಒಳಗಿದ್ದವು. ನಾನು ಏನೂ ನೋಡಲಿಲ್ಲ.

ಕೆಲವು ವಾರ ಬಿಟ್ಟು ಒಂದು ಮಧ್ಯಾಹ್ನ ಭದ್ರಾವತಿಗೆ ಹೋದೆ. ಆಕೆ ಅದೇ ಗೋಡೆಗೆ ಒರಗಿ ಕೂತಿದ್ದರು. ಹೂವಿನ ಬುಟ್ಟಿ ಮೂಲೆಯಲ್ಲಿ ಬೋರಲಾಗಿತ್ತು.

"ಕಟ್ತಿಲ್ವಾ ಅಮ್ಮ?"

"ಕಟ್ಬೋದು. ಹಾಡು ಬರಲ್ಲ. ಹಾಡಿಲ್ದೆ ಗಂಟು ಸಡಿಲ ಆಗುತ್ತೆ, ಅಂಗಡಿಯೋಳು ವಾಪಸ್ ಕಳಿಸ್ತಾಳೆ." ಎದ್ದು ಒಳಗೆ ಹೋಗಿ ನಾಲ್ಕು ಮಡಿಕೆಯ ಹಾಳೆ ತಂದರು. ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು. "ಇದು ಅವರ ಜೇಬಲ್ಲಿತ್ತು. ನಾನು ಕೂತ್ಕೊಂಡು ಹೂ ಕಟ್ಟೋಕೆ ಶುರು ಮಾಡಿದ್ರೆ ಸಾಕು, ಅವರು ಅಲ್ಲಿ ಕೂತು ಇದನ್ನ ತೆಗೆಯೋರು. ಏನ್ರೀ ಅದು ಅಂದ್ರೆ ಬಸ್ ಟೈಮ್ ಅನ್ನೋರು. ಯಾವ ಬಸ್ಸಮ್ಮ ಇದು?"

"ಬಸ್ಸಲ್ಲ. ನಿಮ್ಮ ಹಾಡು. ಅವರು ಹೇಳಿ ಬರೆಸಿದ್ದು."

ಆಕೆ ಹಾಳೆಯನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಮೇಲೆ ಕೆಳಗೆ ಯಾವುದೆಂದು ತಿಳಿಯಲಿಲ್ಲ. ನನ್ನ ಕೈಗೆ ಕೊಟ್ಟು, "ಓದು" ಎಂದರು.

ನನ್ನ ದನಿ ಚೆನ್ನಾಗಿಲ್ಲ. ಮಾತುಗಳು ಗೊತ್ತಿರಲಿಲ್ಲ, ಬರೀ ಸ್ವರದಲ್ಲಿ ಹಾಡಿದೆ. ಉಸಿರು ತೆಗೆದುಕೊಂಡಲ್ಲಿ ತೆಗೆದುಕೊಂಡೆ, ಎಳೆದಲ್ಲಿ ಎಳೆದೆ, ನಾರು ಕಡಿದಲ್ಲಿ ನಿಂತೆ. "ಹಿಂಗಾ ಎಳೀತೀನಿ ನಾನು?" ಎಂದು ನಡುವೆ ಒಮ್ಮೆ ಕೇಳಿದರು. ಕೊನೆಯ ಸಾಲಿಗೆ ಮುಂಚಿನ ಬಿಡುವು ಬಂತು. ನಾನು ನಿಲ್ಲಿಸಿ, ತೊಡೆಯ ಮೇಲೆ ಎಣಿಸತೊಡಗಿದೆ.

"ಯಾಕೆ ನಿಲ್ಲಿಸ್ದೆ?"

"ಇಲ್ಲಿ ಹಾಲು ಉಕ್ಕಿತ್ತಲ್ಲಮ್ಮ. ನೀವು ಎದ್ದು ಹೋದ್ರಿ."

"ಇಲ್ಲ" ಎಂದರು. "ಹಾಲು ಉಕ್ಕಿದ್ದು ಆಮೇಲೆ."

ನಾನು ಅವರ ಮುಖ ನೋಡಿದೆ.

"ನೀನು ತಲೆ ಬಗ್ಗಿಸ್ಕೊಂಡು ಬರೀತಿದ್ದೆ, ನಿಂಗೆ ಕಾಣ್ಲಿಲ್ಲ. ಅವರು ಬಂದು ಆ ಬಾಗ್ಲಲ್ಲಿ ನಿಂತಿದ್ರು, ನನ್ನ ಬಾಯೇ ನೋಡ್ತಾ. ಕಿವಿ ಹೋದ್ಮೇಲೆ ಅವರಿಗೆ ಕೇಳಲ್ಲ ಅಂತ್ಲೇ ನಾನು ಮನೇಲಿ ಇಷ್ಟು ವರ್ಷ ಧೈರ್ಯವಾಗಿ ಹಾಡ್ಕೊಂಡಿದ್ದು, ಮೊದ್ಲು ಬಾಯೊಳಗೇ ಗುನುಗ್ತಿದ್ದೆ. ಅವತ್ತು ಯಾಕೋ, ಇವರಿಗೆ ಕೇಳ್ತಿದೆ ಅನ್ನಿಸ್ಬಿಡ್ತು ಕಣಮ್ಮ. ನಾಚಿಕೆ ಆಯ್ತು. ಬಾಯಿ ಬರ್ಲಿಲ್ಲ. ನಾನು ಅವರನ್ನ ನೋಡ್ತಾ, ಅವರು ನನ್ನ ನೋಡ್ತಾ. ಆಮೇಲೆ ಹಾಲು ಉಕ್ತು."

ಸುಟ್ಟ ಹಾಲಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇತ್ತು. ಅದರ ಹಿಂದೆ ಅಷ್ಟು ಹೊತ್ತು 'ಹಾಲು' ಎಂದ ನನ್ನ ತುಟಿಗಳನ್ನು ನೋಡುತ್ತಿದ್ದ ಮುಖವೂ ಇತ್ತು.

ಆಕೆ ಹಾಳೆಯ ಮೇಲೆ ಬೆರಳಿಟ್ಟರು. ಸರಿಯಾದ ಜಾಗವಲ್ಲ, ಎರಡು ಸಾಲು ಮೇಲೆ. "ಎಷ್ಟು ಹೊತ್ತು ನಿಂತಿದ್ರು ಅಂತ ಇದ್ರಲ್ಲಿದ್ಯಾ?"

"ಇದೆ."

"ಪೂರ್ತಿ ಇದ್ಯಾ?"

"ಪೂರ್ತಿ ಇದೆ."

"ಎಣಿಸು" ಎಂದರು.

ನಾನು ಅಂಗೈಯನ್ನು ನೆಲಕ್ಕೆ ಊರಿ ಎಣಿಸತೊಡಗಿದೆ. ಆಕೆ ಬಾಗಿಲ ಕಡೆ ನೋಡುತ್ತಾ ಕೂತರು.